ಹಳೆಯ ಬ್ಯಾರೋಮೀಟರ್ ಸಂಗ್ರಹ: ಪದೇ ಪದೇ ಕೇಳುವ ಪ್ರಶ್ನೆಗಳು

ಇಂಗ್ಲೆಂಡಿಗೆ ಬಂದು ನೆಲೆಸಿದ ಮೇಲೆ ನನಗೆ ಅಂಟಿದ ಹವ್ಯಾಸ ಇದು. ಮನೆಗೆ ಬಂದವರು, ಯುಗಾದಿ ಊಟಕ್ಕೆ ಸೇರಿದಾಗ ಸಿಕ್ಕವರು, ಊರಿಂದ ಫೋಟೋ ಕಳಿಸಿ "ಇದೇನು ನೋಡಿ" ಅನ್ನುವವರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ಕೇಳಿದವರ ಮಾತನ್ನು ಹಾಗೇ ಇಟ್ಟಿದ್ದೇನೆ. ಸುಲಭದವು ಮೊದಲು, ಆಳದವು ಕೊನೆಗೆ.

## ಮೊದಲ ಪರಿಚಯ

ಗೋಡೆ ಮೇಲಿರೋದು ಗಡಿಯಾರ ಅಲ್ವಾ? ಮತ್ತೆ ಏನನ್ನ ತೋರಿಸುತ್ತೆ?

ಗಾಳಿಯ ಭಾರವನ್ನು. ಮಳೆಗಾಲದಲ್ಲಿ "ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ" ಅಂತ ಸುದ್ದಿ ಬರುತ್ತದಲ್ಲ, ಅದೇ ವಾಯುಭಾರ.

ನಮ್ಮ ಮೇಲಿರುವ ಗಾಳಿಗೂ ತೂಕವಿದೆ. 1640ರ ದಶಕದಲ್ಲಿ ಇಟಲಿಯ ಟೊರಿಚೆಲ್ಲಿ ಇದನ್ನು ಕಣ್ಣಿಗೆ ಕಾಣುವ ಹಾಗೆ ಮಾಡಿದರು. ಒಂದು ಕಡೆ ಮುಚ್ಚಿದ ಗಾಜಿನ ಕೊಳವೆಗೆ ಪಾದರಸ ತುಂಬಿ, ಪಾದರಸದ ಬಟ್ಟಲಲ್ಲಿ ಬೋರಲಾಗಿ ನಿಲ್ಲಿಸಿದರೆ ಅದು ಪೂರ್ತಿ ಸುರಿದು ಹೋಗುವುದಿಲ್ಲ. ಸುಮಾರು 76 ಸೆಂಟಿಮೀಟರ್ ಎತ್ತರಕ್ಕೆ ನಿಲ್ಲುತ್ತದೆ. ಬಟ್ಟಲಿನ ಮೇಲೆ ಒತ್ತುವ ಗಾಳಿ ಅದನ್ನು ಎತ್ತಿ ಹಿಡಿದಿರುತ್ತದೆ. ಗಾಳಿಯ ಒತ್ತಡ ಜಾಸ್ತಿಯಾದರೆ ಪಾದರಸ ಏರುತ್ತದೆ, ಕಡಿಮೆಯಾದರೆ ಇಳಿಯುತ್ತದೆ. ಪಾದರಸ ನೀರಿಗಿಂತ 13.6 ಪಟ್ಟು ತೂಕ. ಅದಕ್ಕೇ ಈ ಸಾಧನ ಗೋಡೆಯ ಮೇಲೆ ಹಿಡಿಸುತ್ತದೆ. ನೀರಿನಲ್ಲಿ ಮಾಡಬೇಕಾದರೆ 10 ಮೀಟರ್ ಉದ್ದದ ಕೊಳವೆ ಬೇಕಿತ್ತು.

ಎಷ್ಟು ಥರ ಇವೆ? ನಮ್ಮನೇಲಿ ಇರೋದು ಯಾವುದು ಅಂತ ಹೇಗೆ ಗೊತ್ತಾಗುತ್ತೆ?

ಸಂಗ್ರಹಕಾರರ ಕೈಗೆ ಸಾಮಾನ್ಯವಾಗಿ ಸಿಗುವುದು ಮೂರು ಥರ.

ಒಂದು, ಸ್ಟಿಕ್. ಉದ್ದನೆಯ, ಸಪೂರ ಮರದ ಪಟ್ಟಿ. ಮೇಲ್ಗಡೆ ಪುಟ್ಟ ಕಿಟಕಿಯಲ್ಲಿ ಪಾದರಸದ ತುದಿ ಕಾಣುತ್ತದೆ, ಪಕ್ಕದಲ್ಲಿ ಅಳತೆಯ ಪಟ್ಟಿ ಇರುತ್ತದೆ. ಹೆಚ್ಚು ಹಳೆಯವು, ಹೆಚ್ಚು ಬೆಲೆಯವು ಈ ಜಾತಿಯಲ್ಲೇ ಇವೆ.

ಎರಡನೆಯದು ಬ್ಯಾಂಜೊ. ತಂಬೂರಿಯನ್ನು ಗೋಡೆಗೆ ತೂಗುಹಾಕಿದಂತೆ ಕಾಣುತ್ತದೆ. ಕೆಳಗೆ ದುಂಡು ಮುಖ, ಅದರಲ್ಲಿ ಮುಳ್ಳು. ಒಳಗೆ ಕೊಕ್ಕೆಯ ಹಾಗೆ ಬಾಗಿದ ಪಾದರಸದ ಕೊಳವೆ ಇದೆ. ಅದರ ಗಿಡ್ಡ ತೋಳಿನಲ್ಲಿ ಪಾದರಸದ ಮೇಲೆ ಗಾಜಿನ ಪುಟ್ಟ ಬಟ್ಟು ತೇಲುತ್ತಿರುತ್ತದೆ. ಬಟ್ಟಿಗೆ ಕಟ್ಟಿದ ದಾರ ಒಂದು ರಾಟೆಯ ಮೇಲೆ ಹಾದು ಮುಳ್ಳನ್ನು ತಿರುಗಿಸುತ್ತದೆ. ಬಾವಿಯ ರಾಟೆ ನೋಡಿದವರಿಗೆ ಇದು ತಕ್ಷಣ ಅರ್ಥವಾಗುತ್ತದೆ. ಈ ಉಪಾಯವನ್ನು ರಾಬರ್ಟ್ ಹುಕ್ 1660ರ ದಶಕದಲ್ಲೇ ಹೇಳಿದ್ದರು. ಬ್ಯಾಂಜೊ ಮನೆಮನೆಗೆ ಬಂದದ್ದು ಮಾತ್ರ 1790ರ ಆಚೆ.

ಮೂರನೆಯದು ಅನೆರಾಯ್ಡ್. ಪಾದರಸವೇ ಇಲ್ಲ. ಗಾಳಿ ತೆಗೆದ ತೆಳು ಲೋಹದ ಡಬ್ಬಿ, ಅದು ಕುಸಿಯದ ಹಾಗೆ ಹಿಡಿದ ಸ್ಪ್ರಿಂಗ್, ಅದರ ಅತಿಸಣ್ಣ ಅಲುಗಾಟವನ್ನು ದೊಡ್ಡದು ಮಾಡುವ ಸನ್ನೆಗಳು ಮತ್ತು ಸರಪಳಿ. ಫ್ರಾನ್ಸಿನ ಲೂಸಿಯಾನ್ ವಿದಿ 1844ರಲ್ಲಿ ಇದಕ್ಕೆ ಪೇಟೆಂಟ್ ಪಡೆದರು. ನಿಮ್ಮದು ದುಂಡಗಿದ್ದು, ಕೈಯಲ್ಲಿ ಹಿಡಿಯುವಷ್ಟಿದ್ದು, ಹಿಂದೆ ಪುಟ್ಟ ತಿರುಪು ಇದ್ದರೆ ಖಂಡಿತ ಅನೆರಾಯ್ಡ್.

"ಸ್ಟಾರ್ಮಿ", "ಫೇರ್", "ವೆರಿ ಡ್ರೈ" ಅಂತ ಬರೆದಿದೆ. ನಿಜವಾಗ್ಲೂ ಹಾಗೇ ಆಗುತ್ತಾ?

ಆ ಪದಗಳನ್ನು ನೆಚ್ಚಿಕೊಳ್ಳಬೇಡಿ. ಪಾದರಸದ ಎತ್ತರ 28 ಅಂಗುಲಕ್ಕೆ ಬಂದರೆ ಬಿರುಗಾಳಿ, 29ಕ್ಕೆ ಮಳೆ, 29.5ಕ್ಕೆ ಬದಲಾವಣೆ, 30ಕ್ಕೆ ಒಳ್ಳೆಯ ಹವೆ, 31ಕ್ಕೆ ತೀರಾ ಒಣ. ಲೆಕ್ಕ ಚೊಕ್ಕವಾಗಿ ಕಾಣುತ್ತದೆ, ಆದರೆ ಹವೆ ಹೀಗೆ ಅರ್ಧರ್ಧ ಅಂಗುಲಕ್ಕೆ ಬದಲಾಗುವುದಿಲ್ಲ. ಪದಗಳನ್ನು ಬರೆದದ್ದೂ ಇಂಗ್ಲೆಂಡಿನ ತಗ್ಗು ಊರುಗಳಿಗಾಗಿ.

ನೋಡಬೇಕಾದದ್ದು ಮುಳ್ಳು ಎಲ್ಲಿದೆ ಅಂತ ಅಲ್ಲ, ಯಾವ ಕಡೆ ಹೋಗುತ್ತಿದೆ, ಎಷ್ಟು ಬೇಗ ಹೋಗುತ್ತಿದೆ ಅಂತ. ಅದಕ್ಕೇ ಮುಖದ ಮೇಲೆ ಎರಡು ಮುಳ್ಳು. ಒಂದು ತಾನಾಗಿ ತಿರುಗುತ್ತದೆ. ಇನ್ನೊಂದು ಹಿತ್ತಾಳೆಯದು, ಅದನ್ನು ನಾವು ಕೈಯಿಂದ ಮೊದಲನೆಯದರ ಮೇಲೆ ಕೂರಿಸಬೇಕು. ಕೆಲವು ಗಂಟೆ ಬಿಟ್ಟು ಬಂದು ನೋಡಿದರೆ ಎರಡರ ನಡುವಿನ ಅಂತರವೇ ಸುದ್ದಿ. ಇಲ್ಲಿ ಮುಳ್ಳು ಬೆಳಗ್ಗೆಯಿಂದ ಸರಸರ ಇಳಿದಿದ್ದರೆ ನಾನು ಒಗೆದ ಬಟ್ಟೆ ಹೊರಗೆ ಹಾಕುವುದಿಲ್ಲ.

ನೋಡೋ ಮುಂಚೆ ಬೆರಳಲ್ಲಿ ತಟ್ಟಬೇಕು ಅಂತಾರಲ್ಲ, ಯಾಕೆ?

ಸನ್ನೆಗಳು, ರಾಟೆ ಸ್ವಲ್ಪ ಹಿಡಿದುಕೊಂಡಿರುತ್ತವೆ. ಹಗುರಾಗಿ ತಟ್ಟಿದರೆ ಮುಳ್ಳು ತನ್ನ ಜಾಗಕ್ಕೆ ಬರುತ್ತದೆ. ಗಾಜಿನ ಮೇಲೆ ಅಲ್ಲ, ಮರದ ಮೇಲೆ, ಬೆರಳ ತುದಿಯಿಂದ ತಟ್ಟಿ.

ಮೊದಲನೆಯದು ಕೊಳ್ಳಬೇಕು. ಯಾವುದು ಕೊಳ್ಳಲಿ, ಎಷ್ಟು ದುಡ್ಡು ಬೇಕು?

ಅನೆರಾಯ್ಡ್ ಕೊಳ್ಳಿ. ಓಕ್ ಮರದಲ್ಲಿ ಕೆತ್ತನೆ ಮಾಡಿದ, 1880ರಿಂದ 1910ರ ಒಳಗಿನದು. ಗಟ್ಟಿಯಾಗಿರುತ್ತದೆ, ಮಲಗಿಸಿ ಸಾಗಿಸಬಹುದು, ವಿಷವಿಲ್ಲ. ಇಂಗ್ಲೆಂಡಿನ ಸಣ್ಣ ಊರುಗಳ ಹರಾಜಿನಲ್ಲಿ ಇಂಥವು ನೂರು ಪೌಂಡಿನೊಳಗೆ ಸಿಗುವುದು ಸಾಮಾನ್ಯ. ವಿಕ್ಟೋರಿಯಾ ಕಾಲದ ಸಾಧಾರಣ ಬ್ಯಾಂಜೊ ಕೂಡ ಈಗ ಅಗ್ಗ, ಹಳೆಯ ಕಂದು ಮರದ ಸಾಮಾನಿಗೆ ಬೇಡಿಕೆ ತಗ್ಗಿದೆ. ಆದರೆ ರಿಪೇರಿಗೆ ಕೊಂಡ ಬೆಲೆಗಿಂತ ಜಾಸ್ತಿ ಆಗುತ್ತದೆ. ಹಾಗಾಗಿ ನಡೆಯುತ್ತಿರುವುದನ್ನೇ ಕೊಳ್ಳಿ.

ಅನೆರಾಯ್ಡ್ ನಡೆಯುತ್ತಿದೆಯೋ ಇಲ್ಲವೋ ನೋಡಲು ಸುಲಭದ ದಾರಿ ಇದೆ. ಗಾಳಿಯಾಡದ ಪ್ಲಾಸ್ಟಿಕ್ ಚೀಲದಲ್ಲಿಟ್ಟು, ಒಳಗೆ ಸ್ವಲ್ಪ ಗಾಳಿ ಉಳಿಸಿ ಬಾಯಿ ಮುಚ್ಚಿ. ಚೀಲವನ್ನು ಮೆಲ್ಲಗೆ ಅದುಮಿದರೆ ಮುಳ್ಳು ಏರಬೇಕು, ಬಿಟ್ಟರೆ ಹಿಂದಕ್ಕೆ ಬರಬೇಕು. ಅಲುಗದಿದ್ದರೆ ಡಬ್ಬಿ ತೂತಾಗಿದೆ, ಇಲ್ಲವೇ ಸರಪಳಿ ಕಿತ್ತಿದೆ.

## ಮನೆಗೆ ಬಂದ ಮೇಲೆ

ಬೆಂಗಳೂರಿಗೆ ತಂದೆ. ಮುಳ್ಳು "ಸ್ಟಾರ್ಮಿ"ಗಿಂತ ಆಚೆ ಹೋಗಿ ನಿಂತಿದೆ. ಕೆಟ್ಟುಹೋಯ್ತಾ?

ಕೆಟ್ಟಿಲ್ಲ, ಸರಿಯಾಗಿಯೇ ಇದೆ. ಊರು ಎತ್ತರದಲ್ಲಿದೆ, ಅಷ್ಟೇ.

ಮೇಲೆ ಹೋದಷ್ಟೂ ತಲೆಯ ಮೇಲಿನ ಗಾಳಿ ಕಡಿಮೆ. ಇದನ್ನು ಮೊದಲು ತೋರಿಸಿದ್ದು 1648ರ ಸೆಪ್ಟೆಂಬರ್ 19ರಂದು. ವಿಜ್ಞಾನಿ ಪಾಸ್ಕಲ್ ತಮ್ಮ ಭಾವ ಪೆರಿಯೆ ಅವರಿಗೆ ಕಾಗದ ಬರೆದು, ಫ್ರಾನ್ಸಿನ ಪ್ವೀ ದ ಡೋಮ್ ಬೆಟ್ಟಕ್ಕೆ ಪಾದರಸದ ಕೊಳವೆ ಹೊರಿಸಿದರು. ಬೆಟ್ಟದ ತುದಿಯಲ್ಲಿ ಪಾದರಸ ಮೂರು ಅಂಗುಲಕ್ಕಿಂತ ಜಾಸ್ತಿ ಇಳಿದಿತ್ತು. ಬೆಟ್ಟದ ಬುಡದಲ್ಲಿ ಇನ್ನೊಂದು ಕೊಳವೆ ಇಟ್ಟು ದಿನವಿಡೀ ಒಬ್ಬರನ್ನು ಕಾವಲು ಕೂರಿಸಿದ್ದರು. ಅದು ಕದಲಲಿಲ್ಲ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರ. ಅಲ್ಲಿ ವಾಯುಭಾರ 27 ಅಂಗುಲದ ಆಸುಪಾಸು. ನಿಮ್ಮ ಸಾಧನದ ಅಳತೆ 28ಕ್ಕೇ ಮುಗಿಯುತ್ತದೆ. ಅದೇ ಸಾಧನ ಮಂಗಳೂರಿನಲ್ಲೋ ಕಾರವಾರದಲ್ಲೋ ಇದ್ದರೆ ಸರಿಯಾಗಿ ತೋರಿಸುತ್ತದೆ.

ಅನೆರಾಯ್ಡ್ ಆದರೆ ಹಿಂದಿನ ತಿರುಪನ್ನು ಸಣ್ಣ ಸ್ಕ್ರೂಡ್ರೈವರಿನಿಂದ ನಿಧಾನ ತಿರುಗಿಸಿ. ಹವಾಮಾನ ಇಲಾಖೆ ಕೊಡುವ ಸಮುದ್ರಮಟ್ಟಕ್ಕೆ ಹೊಂದಿಸಿದ ಅಂಕಿಗೆ ಮುಳ್ಳನ್ನು ತನ್ನಿ. ಇಲಾಖೆಯ ಅಂಕಿ ಹೆಕ್ಟೊಪಾಸ್ಕಲ್ ಅನ್ನುವ ಒತ್ತಡದ ಅಳತೆಯಲ್ಲಿರುತ್ತದೆ, 1 ಅಂಗುಲ ಅಂದರೆ 33.86 ಹೆಕ್ಟೊಪಾಸ್ಕಲ್. ಎಲ್ಲ ಅನೆರಾಯ್ಡ್‌ಗಳೂ ಮೂರು ಅಂಗುಲ ತಿರುಗುವಂತೆ ಮಾಡಿದವಲ್ಲ. ತಿರುಪು ಬಿಗಿಯಾದರೆ ಅಲ್ಲಿಗೇ ನಿಲ್ಲಿಸಿ. ಸ್ಟಿಕ್ ಆದರೆ ಪಾದರಸದ ತುದಿ ಕಿಟಕಿಗಿಂತ ಕೆಳಗಿಳಿದು ಮರದ ಹಿಂದೆ ಮರೆಯಾಗಬಹುದು. ಅದಕ್ಕೆ ಮನೆಯಲ್ಲಿ ಮಾಡುವ ಉಪಾಯವಿಲ್ಲ.

ಪಾದರಸ ವಿಷ ಅಲ್ವಾ? ಮನೇಲಿ ಚಿಕ್ಕ ಮಕ್ಕಳಿದ್ದಾರೆ.

ಹೌದು, ಅದರ ಆವಿ ವಿಷ. ಕೊಳವೆ ಗಟ್ಟಿಯಾಗಿದ್ದು ಸಾಧನ ಗೋಡೆಯ ಮೇಲೆ ನೆಟ್ಟಗಿದ್ದರೆ ತೊಂದರೆ ತೀರಾ ಕಡಿಮೆ. ಆದರೂ ಮಕ್ಕಳು ಚೆಂಡು ಎಸೆಯುವ ಮನೆಯಲ್ಲಿ ನಾನಂತೂ ಪಾದರಸದ್ದು ತೂಗುಹಾಕುವುದಿಲ್ಲ.

ಒಡೆದರೆ ಏನು ಮಾಡಬೇಕು ಅಂತ ಮೊದಲೇ ತಿಳಿದಿರಿ. ಮಕ್ಕಳನ್ನು, ನಾಯಿ ಬೆಕ್ಕನ್ನು ಹೊರಗೆ ಕಳಿಸಿ. ಕಿಟಕಿ ತೆಗೆಯಿರಿ. ಕೈಯಲ್ಲಿರುವ ಬಳೆ, ಉಂಗುರ, ಕೊರಳಿನ ಸರ ತೆಗೆದಿಡಿ, ಪಾದರಸ ಚಿನ್ನಕ್ಕೆ ಅಂಟಿ ಅದನ್ನು ಹಾಳು ಮಾಡುತ್ತದೆ. ಪೊರಕೆ ಬೇಡ. ವ್ಯಾಕ್ಯೂಮ್ ಕ್ಲೀನರ್ ಅಂತೂ ಬೇಡವೇ ಬೇಡ, ಅದು ಆವಿಯನ್ನು ಮನೆತುಂಬ ಹರಡುತ್ತದೆ. ಗಟ್ಟಿ ಕಾಗದದಿಂದ ಹನಿಗಳನ್ನು ಒಂದೆಡೆ ಸೇರಿಸಿ, ಔಷಧಿ ಹಾಕುವ ಡ್ರಾಪರಿನಿಂದ ಎಳೆದು ಮುಚ್ಚಳವಿರುವ ಗಾಜಿನ ಬಾಟಲಿಗೆ ಹಾಕಿ. ಬಚ್ಚಲಿಗೆ ಸುರಿಯಬೇಡಿ.

ಲಂಡನ್ನಿಂದ ಸೂಟ್‌ಕೇಸಲ್ಲಿ ತರಬಹುದಾ?

ಪಾದರಸದ್ದನ್ನು ಖಂಡಿತ ಇಲ್ಲ. ವಿಮಾನದ ಮೈ ಅಲ್ಯೂಮಿನಿಯಂ, ಪಾದರಸ ಅದನ್ನು ತಿನ್ನುತ್ತದೆ. ಪ್ರಯಾಣಿಕರ ಸಾಮಾನಿನಲ್ಲಿ ಅದಕ್ಕೆ ಜಾಗವಿಲ್ಲ. ಸರ್ಕಾರಿ ಹವಾಮಾನ ಇಲಾಖೆಯ ಪ್ರತಿನಿಧಿಗಳಿಗೆ ಮಾತ್ರ ವಿಶೇಷ ವಿನಾಯಿತಿ ಉಂಟು. ಅನೆರಾಯ್ಡ್ ತರಬಹುದು, ಕೈಚೀಲದಲ್ಲೇ ತನ್ನಿ.

ಇನ್ನೊಂದು ಮಾತು. ಭಾರತದ 1972ರ ಪುರಾತನ ವಸ್ತುಗಳ ಕಾಯ್ದೆಯ ಪ್ರಕಾರ 100 ವರ್ಷ ದಾಟಿದ ವಸ್ತುಗಳನ್ನು ಖಾಸಗಿಯವರು ದೇಶದಿಂದ ಹೊರಗೆ ಒಯ್ಯುವಂತಿಲ್ಲ. ಅಜ್ಜನ ಎಸ್ಟೇಟ್ ಬಂಗಲೆಯಲ್ಲಿ ಸಿಕ್ಕಿದ್ದನ್ನು ಅಮೆರಿಕಕ್ಕೋ ಇಂಗ್ಲೆಂಡಿಗೋ ಒಯ್ಯುವ ಆಸೆಯಿದ್ದರೆ ಮೊದಲು ಪುರಾತತ್ವ ಇಲಾಖೆಯಲ್ಲಿ ವಿಚಾರಿಸಿ. 100 ವರ್ಷ ಆಗಿಲ್ಲದ ವಸ್ತುವಿಗೆ ಅವರು ಪುರಾತನವಲ್ಲ ಅನ್ನುವ ಪ್ರಮಾಣಪತ್ರ ಕೊಡುತ್ತಾರೆ.

ಒಂದು ಮನೆಯಿಂದ ಇನ್ನೊಂದು ಮನೆಗೆ ಹೇಗೆ ಸಾಗಿಸೋದು?

ಬ್ಯಾಂಜೊವನ್ನು ಯಾವತ್ತೂ ಮಲಗಿಸಬಾರದು. ನನ್ನ ಮೊದಲ ಬ್ಯಾಂಜೊವನ್ನು ಕಾರಿನ ಹಿಂದಿನ ಸೀಟಿನ ಮೇಲೆ ಕಂಬಳಿ ಹಾಸಿ ಮಲಗಿಸಿ ತಂದೆ. ಮಾರಿದವರೂ ಏನೂ ಹೇಳಲಿಲ್ಲ. ಮನೆಗೆ ಬಂದಾಗ ಗಿಡ್ಡ ತೋಳಿನಿಂದ ಪಾದರಸ ಚೆಲ್ಲಿ, ಮರದ ಸಂದಿಗಳಲ್ಲಿ ಮಣಿಮಣಿಯಾಗಿ ಹೊಳೆಯುತ್ತಿತ್ತು. ಕೊಳವೆಗೆ ಗಾಳಿ ನುಗ್ಗಿತ್ತು. 180 ವರ್ಷ ಉಳಿದು ಬಂದ ಸಾಧನ ನನ್ನ ಕೈಯಲ್ಲಿ ಒಂದು ಮಧ್ಯಾಹ್ನಕ್ಕೆ ನಿಂತುಹೋಯಿತು. ಆ ಸಂಕಟ ಇವತ್ತಿಗೂ ಇದೆ. ನಾನು ಈ ಪ್ರಶ್ನೆಗೆ ಇಷ್ಟು ಉದ್ದ ಉತ್ತರ ಕೊಡುವುದು ಅದಕ್ಕೇ.

ಸರಿಯಾದ ಕ್ರಮ ಹೀಗೆ. ಮೆಲ್ಲಗೆ 45 ಡಿಗ್ರಿಗೆ ಓರೆ ಮಾಡಿ, ಪಾದರಸ ಕೊಳವೆಯ ಮೇಲ್ತುದಿ ಮುಟ್ಟುವವರೆಗೆ ಕಾಯಿರಿ. ಹಿಂಬದಿಯ ಬಾಗಿಲು ತೆಗೆದು ಗಿಡ್ಡ ತೋಳಿನ ಬಾಯಿಗೆ ಬಿರಡೆ ಹಾಕಬೇಕು. ಬಟ್ಟು, ದಾರ ಅಲ್ಲೇ ಇರುವುದರಿಂದ ಗೊತ್ತಿದ್ದವರ ಕೈಯಲ್ಲೇ ಇದನ್ನು ಮಾಡಿಸಿ. ಆಮೇಲೆ ಅದೇ ಓರೆಯಲ್ಲಿ ಒಯ್ಯಿರಿ. ಸ್ಟಿಕ್ ಆದರೆ ಬುಡದಲ್ಲಿ ಸಾಗಿಸುವ ತಿರುಪು ಇರುತ್ತದೆ. ಅದನ್ನು ತಿರುಗಿಸಿದರೆ ಚರ್ಮದ ಚೀಲ ಮೇಲೆದ್ದು ಕೊಳವೆ ತುಂಬುತ್ತದೆ. ತುಂಬಿದ ಮೇಲೆ ತಲೆಕೆಳಗಾಗಿ ಹಿಡಿದು ಒಯ್ಯಬಹುದು. ಬಲವಂತವಾಗಿ ತಿರುಗಿಸಿದರೆ ಹಳೆಯ ಚರ್ಮ ಹರಿಯುತ್ತದೆ.

ಎಲ್ಲಿ ತೂಗುಹಾಕಲಿ?

ಬಿಸಿಲು ಬೀಳದ, ಒಲೆಯಿಂದ ದೂರದ ಒಳಗೋಡೆ. ಮನೆಯ ಒಳಗೂ ಹೊರಗೂ ಗಾಳಿಯ ಒತ್ತಡ ಒಂದೇ, ಕಿಟಕಿ ಪಕ್ಕವೇ ಆಗಬೇಕಿಲ್ಲ. ಬ್ಯಾಂಜೊದ ಬುಡದಲ್ಲಿ ಗಾರೆಯವರ ರಸಮಟ್ಟದಂಥ ಪುಟ್ಟ ಗಾಜು ಇರುತ್ತದೆ. ಅದರ ಗುಳ್ಳೆ ನಡುವೆ ಬಂದರೆ ನೆಟ್ಟಗಿದೆ ಅಂತ.

ಹಿತ್ತಾಳೆ ಮುಖ ಕಪ್ಪಾಗಿದೆ. ಹುಣಸೆಹಣ್ಣು ಹಾಕಿ ಉಜ್ಜಲಾ?

ದಯವಿಟ್ಟು ಬೇಡ. ಪೀತಾಂಬರಿಯೂ ಬೇಡ. ದೇವರ ದೀಪಕ್ಕೆ ಸರಿ, ಇದಕ್ಕಲ್ಲ. ಆ ಮುಖ ಬರಿ ಹಿತ್ತಾಳೆಯಲ್ಲ, ಅದರ ಮೇಲೆ ತೀರಾ ತೆಳುವಾದ ಬೆಳ್ಳಿಯ ಲೇಪವಿದೆ. ಅಂಕಿಗಳನ್ನು ಕೈಯಿಂದ ಕೊರೆದು ಕಪ್ಪು ಮೇಣ ತುಂಬಿದ್ದಾರೆ. ಒಂದು ಸಲ ಉಜ್ಜಿದರೆ ಬೆಳ್ಳಿ ಹೋಗಿ ಹಳದಿ ಮುಖ ಉಳಿಯುತ್ತದೆ, ಮೇಣವೂ ಕಿತ್ತು ಬರುತ್ತದೆ. ಮರದ ಹೊಳಪೂ ಹಾಗೇ. ಅದು ಅರಗಿನ ಪಾಲಿಶ್, ಆ ಅರಗು ಬಹುಪಾಲು ನಮ್ಮ ದೇಶದಿಂದಲೇ ಹಡಗು ಹತ್ತಿ ಹೋಗಿದ್ದು. ಸ್ಪಿರಿಟ್ ಮುಟ್ಟಿಸಿದರೆ ಕರಗುತ್ತದೆ. ಒಣಗಿದ ಮೆತ್ತನೆ ಬಟ್ಟೆ ಸಾಕು. ವರ್ಷಕ್ಕೊಮ್ಮೆ ಜೇನುಮೇಣ ಸವರಬಹುದು.

## ಇನ್ನೂ ಆಳಕ್ಕೆ ಹೋಗುವವರಿಗೆ

ಇಂಗ್ಲಿಷ್ ಬ್ಯಾರೋಮೀಟರ್ ಅಂತೀರಿ, ಹೆಸರು ನೋಡಿದ್ರೆ ಎಲ್ಲ ಇಟಲಿಯವು. ಯಾಕೆ?

ನನಗೆ ತುಂಬಾ ಇಷ್ಟವಾದ ಕಥೆ ಇದು. 18ನೇ ಶತಮಾನದ ಕೊನೆಗೆ ಇಟಲಿಯ ಕೋಮೊ ಸರೋವರದ ಸುತ್ತಲಿನ ಹಳ್ಳಿಗಳಿಂದ ಕುಶಲಕರ್ಮಿಗಳು ಇಂಗ್ಲೆಂಡಿಗೆ ಬಂದರು. ಗಾಜು ಊದುವುದು, ಕೊಳವೆಗೆ ಪಾದರಸ ತುಂಬುವುದು ಅವರಿಗೆ ಗೊತ್ತಿತ್ತು. ಕೆಲವರು ಸರಕನ್ನು ಹೊತ್ತು ಊರೂರು ತಿರುಗಿ ಮಾರಿದರು. ಆಮೇಲೆ ಲಂಡನ್ನಿನ ಹ್ಯಾಟನ್ ಗಾರ್ಡನ್, ಕ್ಲರ್ಕನ್‌ವೆಲ್, ಹೋಬರ್ನ್ ಸುತ್ತ ಅಂಗಡಿ ಹಾಕಿದರು. ಮ್ಯಾಂಚೆಸ್ಟರಿನಂಥ ಊರುಗಳಿಗೂ ಹೋದರು. ಟಾಲ್ಯಾಬ್ವೆ, ಒರ್ಟೆಲ್ಲಿ, ರೊಂಕೆಟ್ಟಿ, ಕಸಾರ್ಟೆಲ್ಲಿ ಅನ್ನುವ ಹೆಸರುಗಳು ಹಾಗೆ ಬಂದವು. ಕೋಮೊದಲ್ಲಿ ಹುಟ್ಟಿದ ನೆಗ್ರೆಟ್ಟಿ, ಇಟಲಿ ಮೂಲದ ಜಾಂಬ್ರಾ ಇಬ್ಬರೂ 1850ರಲ್ಲಿ ಸೇರಿ ಕಟ್ಟಿದ ಕಂಪನಿ 1851ರ ಲಂಡನ್ ಮಹಾಪ್ರದರ್ಶನದಲ್ಲಿ ಪದಕ ಪಡೆಯಿತು. ಪರಊರಿಗೆ ಬಂದು, ಕೈಯ ಕಸುಬನ್ನೇ ನಂಬಿ, ಆ ಊರಿನ ಗೋಡೆಗಳ ಮೇಲೆ ತಮ್ಮ ಹೆಸರು ಬಿಟ್ಟುಹೋದವರು ಅವರು. ಇಲ್ಲಿ ಬದುಕು ಕಟ್ಟಿಕೊಂಡ ನಮ್ಮಂಥವರಿಗೆ ಅದು ಹತ್ತಿರದ ಕಥೆ ಅಲ್ವಾ.

ಹೆಸರನ್ನು ಹೆಚ್ಚಾಗಿ ಬುಡದ ರಸಮಟ್ಟದ ತಟ್ಟೆಯ ಮೇಲೆ ಕೊರೆದಿರುತ್ತಾರೆ. ಅದು ಮಾಡಿದವರದೇ ಆಗಬೇಕಿಲ್ಲ, ಮಾರಿದ ಅಂಗಡಿಯದೂ ಇರಬಹುದು.

ಎಷ್ಟು ಹಳೆಯದು ಅಂತ ಹೇಗೆ ಹೇಳ್ತೀರಿ? ನಕಲಿ ಹೇಗೆ ಹಿಡೀತೀರಿ?

ಮೊದಲು ಆಕಾರ. ಕಪ್ಪೆಚಿಪ್ಪು, ಹೂವಿನ ಚಿತ್ರಗಳನ್ನು ಬಣ್ಣದ ಮರದಲ್ಲಿ ಕೂರಿಸಿದ ಬ್ಯಾಂಜೊಗಳು 1790ರಿಂದ 1820ರ ಆಸುಪಾಸಿನವು. ಮೈಸೂರಿನ ಬೀಟೆ ಮರದ ಇನ್ಲೇ ನೋಡಿದ ಕಣ್ಣಿಗೆ ಆ ಕೆಲಸದ ಕಷ್ಟ ತಿಳಿಯುತ್ತದೆ. ತಲೆ ಈರುಳ್ಳಿಯ ಹಾಗೆ ದುಂಡಗಿದ್ದು ಥರ್ಮಾಮೀಟರ್, ತೇವ ತೋರಿಸುವ ಪುಟ್ಟ ಮುಖ, ಉಬ್ಬುಗನ್ನಡಿ ಎಲ್ಲ ಇದ್ದರೆ 1830ರಿಂದ 1860ರ ಕಡೆಯದು. ಮುಖದ ಅಗಲ ಸಾಮಾನ್ಯವಾಗಿ 8 ಅಂಗುಲ. 6 ಅಂಗುಲದ್ದು ಅಪರೂಪ, ಬೆಲೆಯೂ ಜಾಸ್ತಿ.

ಆಮೇಲೆ ಹಿಂಬದಿಯ ಬಾಗಿಲು ತೆಗೆದು ನೋಡಿ. ನಾನು ಮುಂಭಾಗಕ್ಕಿಂತ ಹಿಂಭಾಗವನ್ನೇ ಜಾಸ್ತಿ ಹೊತ್ತು ನೋಡುತ್ತೇನೆ. ಕೊಳವೆಗೆ ಅಗೆದ ಕಾಲುವೆ ಖಾಲಿಯಿದ್ದು ಅದರಲ್ಲಿ ಅನೆರಾಯ್ಡ್ ಕೂರಿಸಿದ್ದರೆ ಒಳಗಿನದು ಬದಲಾಗಿದೆ. ಬಳಸದ ಹಳೆಯ ತೂತುಗಳು ಕಂಡರೆ ಎರಡು ಸಾಧನಗಳ ಭಾಗ ಸೇರಿಸಿರಬಹುದು. ಕೊರೆದ ಅಂಕಿಯನ್ನು ಉಗುರಿನಿಂದ ಮುಟ್ಟಿದರೆ ತಗ್ಗು ಸಿಗಬೇಕು, ಅಚ್ಚು ಹಾಕಿದ್ದರಲ್ಲಿ ಸಿಗುವುದಿಲ್ಲ.

ಭಾರತದಲ್ಲಿ ಕೊಳ್ಳುವವರಿಗೆ ಇನ್ನೊಂದು ಎಚ್ಚರಿಕೆ. ಹಡಗಿನ ಸಾಮಾನಿನ ಹೊಸ ಹಿತ್ತಾಳೆ ನಕಲುಗಳ ಮೇಲೆ "ಕೆಲ್ವಿನ್ ಅಂಡ್ ಹ್ಯೂಸ್, ಲಂಡನ್, 1917" ಅಂತ ಕೊರೆದಿರುವುದು ತುಂಬಾ ಕಾಣುತ್ತದೆ. ಆ ಎರಡು ಹೆಸರು ಸೇರಿ ಒಂದು ಕಂಪನಿಯಾದದ್ದೇ 1940ರ ದಶಕದಲ್ಲಿ. ಮುಂಬೈ ಚೋರ್ ಬಜಾರಿನಲ್ಲಿ ಯಾರಾದರೂ ಇಂಥದ್ದನ್ನು ಅಜ್ಜನ ಕಾಲದ್ದು ಅಂತ ಕೈಗಿಟ್ಟರೆ ಅಂದಕ್ಕೆ ಬೇಕಾದರೆ ಕೊಳ್ಳಿ, ವಯಸ್ಸಿಗೆ ದುಡ್ಡು ಕೊಡಬೇಡಿ.

ಪಾದರಸದ ಕೊಳವೆ ಸರಿಯಿದೆಯಾ ಅಂತ ನೋಡೋದು ಹೇಗೆ?

ಸ್ಟಿಕ್ ಅನ್ನು ಬಹಳ ನಿಧಾನವಾಗಿ ಓರೆ ಮಾಡಿ ಕಿವಿಗೊಡಿ. ಪಾದರಸ ಮೇಲ್ತುದಿಗೆ ತಾಗಿದಾಗ "ಟಿಕ್" ಅಂತ ಚುರುಕಾದ ಲೋಹದ ಸದ್ದು ಬರಬೇಕು. ಮೆತ್ತಗೆ ತಾಗಿದರೆ, ತುದಿಯಲ್ಲಿ ಗುಳ್ಳೆ ಉಳಿದರೆ ಗಾಳಿ ಸೇರಿದೆ.

ಅಡ್ಮಿರಲ್ ಫಿಟ್ಸ್‌ರಾಯ್ ಬ್ಯಾರೋಮೀಟರ್ ಅಂತ ಮಾರ್ತಾರೆ. ಅವರೇ ಮಾಡಿದ್ದಾ?

ಅಲ್ಲ. ಡಾರ್ವಿನ್ ಹೋಗಿದ್ದ ಬೀಗಲ್ ಹಡಗಿನ ಕ್ಯಾಪ್ಟನ್ ರಾಬರ್ಟ್ ಫಿಟ್ಸ್‌ರಾಯ್ 1854ರಲ್ಲಿ ಬ್ರಿಟನ್ನಿನ ಹವಾಮಾನ ಇಲಾಖೆಯ ಮೊದಲ ಮುಖ್ಯಸ್ಥರಾದರು. ಮೀನುಗಾರರ ಬಂದರುಗಳಿಗೆ ಗಟ್ಟಿಮುಟ್ಟಾದ ಬ್ಯಾರೋಮೀಟರ್ ಕೊಡಿಸಿದರು. 1859ರ ಅಕ್ಟೋಬರಿನಲ್ಲಿ ರಾಯಲ್ ಚಾರ್ಟರ್ ಹಡಗು ಬಿರುಗಾಳಿಗೆ ಸಿಕ್ಕಿ 400ಕ್ಕೂ ಜಾಸ್ತಿ ಜನ ಸತ್ತ ಮೇಲೆ, 1861ರಲ್ಲಿ ಬಂದರುಗಳಿಗೆ ಬಿರುಗಾಳಿಯ ಮುನ್ಸೂಚನೆ ಕಳಿಸಲು ಶುರುಮಾಡಿದರು. ಅದಕ್ಕೂ ಮೊದಲೇ, 1848ರಲ್ಲಿ, ಕಲ್ಕತ್ತದಲ್ಲಿ ಹೆನ್ರಿ ಪಿಡಿಂಗ್ಟನ್ ಬಂಗಾಳ ಕೊಲ್ಲಿಯ ಹಡಗುಗಳ ದಾಖಲೆ ಕೂಡಿಹಾಕಿ ಇಂಥ ಬಿರುಗಾಳಿಗೆ "ಸೈಕ್ಲೋನ್" ಅನ್ನುವ ಹೆಸರಿಟ್ಟಿದ್ದರು.

ಅಂಗಡಿಯಲ್ಲಿ ಫಿಟ್ಸ್‌ರಾಯ್ ಹೆಸರಲ್ಲಿ ಸಿಗುವ ಗಾಜಿನ ಮುಂಬಾಗಿಲಿನ ಮರದ ಪೆಟ್ಟಿಗೆ ಹೆಚ್ಚಾಗಿ 1865ರಲ್ಲಿ ಅವರು ತೀರಿಕೊಂಡ ಮೇಲಿನದು. ಒಳಗೆ ಕಾಗದದ ಮೇಲೆ ಅಚ್ಚಾದ ಸೂಚನೆಗಳು, ಜೊತೆಗೆ ಕರ್ಪೂರ ಕರಗಿಸಿದ ದ್ರಾವಣದ ಕೊಳವೆ. ಆ ಕೊಳವೆಯಲ್ಲಿ ಏಳುವ ಹರಳುಗಳು ನೋಡಲು ಚೆಂದ, ಆದರೆ ಅವು ಸ್ಪಂದಿಸುವುದು ಹೆಚ್ಚಾಗಿ ಚಳಿ ಸೆಕೆಗೆ. ನಿಜವಾದ ಬಂದರಿನ ಸಾಧನ ಸಿಕ್ಕರೆ ಬಿಡಬೇಡಿ.

ಪಾದರಸದ ಗೊಡವೆ ಬೇಡ, ತೆಗೆದು ಅನೆರಾಯ್ಡ್ ಹಾಕಿಸಿಬಿಡಲಾ?

ನನ್ನ ಉತ್ತರ: ಬೇಡ. ಪಾದರಸ ತೆಗೆಸಿ, ಅದನ್ನು ವಿಲೇವಾರಿ ಮಾಡಬಲ್ಲವರಿಗೆ ಕೊಡಿ, ಆದರೆ ಕೊಳವೆ, ರಾಟೆ, ಬಟ್ಟು ಎಲ್ಲ ಹಾಗೇ ಇರಲಿ. ಮುಂದೊಂದು ದಿನ ಯಾರೋ ಮತ್ತೆ ನಡೆಸಬಹುದು. ಯುರೋಪಿನ 2007ರ ನಿಯಮ ಹೊಸ ಪಾದರಸದ ಸಾಧನಗಳ ಮಾರಾಟ ನಿಲ್ಲಿಸಿತು, ಆಗಲೇ 50 ವರ್ಷ ದಾಟಿದ್ದವಕ್ಕೆ ವಿನಾಯಿತಿ ಕೊಟ್ಟಿತು. ಅಂದರೆ ಮನೆಗಳಿಗೆ ಹೊಸವು ಬರುವುದಿಲ್ಲ. ಉಳಿದಿರುವುದನ್ನು ನಮ್ಮ ಅನುಕೂಲಕ್ಕೆ ಕತ್ತರಿಸುವ ಹಕ್ಕು ನಮಗಿಲ್ಲ ಅಂತ ನಾನು ನಂಬುತ್ತೇನೆ.

ಹಿತ್ತಾಳೆ ಮುಳ್ಳು ತಿರುಗಿಸೋ ಗುಬುಟು ಬಿಳಿ ಇದೆ. ಆನೆದಂತವಾ?

ಮೂಳೆಯೂ ಇರಬಹುದು, ದಂತವೂ ಇರಬಹುದು. ಮೂಳೆಯಲ್ಲಿ ಸಣ್ಣ ಕಪ್ಪು ಚುಕ್ಕಿ, ಗೀರು ಕಾಣುತ್ತವೆ. ದಂತದಲ್ಲಿ ಒಂದನ್ನೊಂದು ದಾಟುವ ನವಿರಾದ ಗೆರೆಗಳಿರುತ್ತವೆ. ದಂತವಾದರೆ ಭಾರತದಲ್ಲಿ ಅದರ ವ್ಯಾಪಾರಕ್ಕೆ ನಿಷೇಧವಿದೆ, ಬ್ರಿಟನ್ನಿನಲ್ಲೂ 2018ರ ಕಾಯ್ದೆ ಬಿಗಿಯಾಗಿದೆ. ಕೊಳ್ಳುವ ಮೊದಲೇ ಕೇಳಿ.

ನಮ್ಮೂರಲ್ಲಿ ವಾಯುಭಾರ ಅಷ್ಟಾಗಿ ಬದಲಾಗಲ್ಲ ಅಂತಾರೆ. ಹಾಗಾದ್ರೆ ಸುಮ್ನೆ ಅಲಂಕಾರಕ್ಕಾ?

ಇಂಗ್ಲೆಂಡಿನಲ್ಲಿ ಒಂದೇ ದಿನದಲ್ಲಿ 20, 30 ಹೆಕ್ಟೊಪಾಸ್ಕಲ್ ಇಳಿಯುವುದುಂಟು. ಬೆಂಗಳೂರಿನಲ್ಲಿ ಹಾಗಾಗುವುದಿಲ್ಲ, ಗುಡುಗು ಮಳೆಯನ್ನೂ ಅದು ಮುಂಚೆಯೇ ಹೇಳುವುದಿಲ್ಲ. ಆದರೆ ಇಲ್ಲಿ ಕಾಣದ ಒಂದು ಸಂಗತಿ ಅಲ್ಲಿ ಕಾಣುತ್ತದೆ. ಸೂರ್ಯನ ಬಿಸಿಗೆ ಇಡೀ ವಾತಾವರಣ ದಿನಕ್ಕೆ ಎರಡು ಸಲ ಉಬ್ಬಿ ಇಳಿಯುತ್ತದೆ, ಸಮುದ್ರದ ಉಬ್ಬರ ಇಳಿತದ ಹಾಗೆ. ಬೆಳಗ್ಗೆ 10ರ ಹೊತ್ತಿಗೆ ಏರು, ಸಂಜೆ 4ಕ್ಕೆ ಇಳಿ, ರಾತ್ರಿ 10ಕ್ಕೆ ಮತ್ತೆ ಏರು, ಬೆಳಗಿನ ಜಾವ 4ಕ್ಕೆ ಮತ್ತೆ ಇಳಿ. ವ್ಯತ್ಯಾಸ ಮೂರ್ನಾಲ್ಕು ಹೆಕ್ಟೊಪಾಸ್ಕಲ್ ಇರಬಹುದು, ಅಷ್ಟೇ. ಇಂಗ್ಲೆಂಡಿನಲ್ಲಿ ಹವೆಯ ಏರುಪೇರಿನಲ್ಲಿ ಇದು ಮುಚ್ಚಿಹೋಗುತ್ತದೆ. ನಮ್ಮ ಕಡೆ ಗಡಿಯಾರದಂತೆ ನಡೆಯುತ್ತದೆ.

ಇದನ್ನು ನೋಡಲು ಬ್ಯಾರೋಗ್ರಾಫ್ ಬೇಕು. ಅನೆರಾಯ್ಡ್ ಡಬ್ಬಿಗಳ ಸಾಲು, ಶಾಯಿಯ ಪೆನ್ನು, ವಾರಕ್ಕೊಂದು ಸುತ್ತು ತಿರುಗುವ ಕೊಳಗ, ಅದರ ಮೇಲೆ ಕಾಗದ. ಬೆಂಗಳೂರಿನಲ್ಲಿರುವ ನನ್ನ ಅಣ್ಣನಿಗೆ ಒಂದನ್ನು ಕೊಟ್ಟಿದ್ದೆ. ತಿರುಪು ತಿರುಗಿಸಿ ಪೆನ್ನನ್ನು ಕಾಗದದ ನಡುವಿಗೆ ತಂದುಕೊಂಡ. ಫೆಬ್ರವರಿಯ ಮೊದಲ ವಾರದ ಕಾಗದವನ್ನು ಮಡಚಿ ಅಂಚೆಯಲ್ಲಿ ಕಳಿಸಿದ. ನೀಲಿ ಗೆರೆ ಅಲೆಅಲೆಯಾಗಿ ಹೋಗಿತ್ತು. ಬೆರಳಿಟ್ಟು ಎಣಿಸಿದೆ. ಏಳು ದಿನ, 14 ಅಲೆ.